ಶ್ರೀದೇವಿ ಅನುಮಾನಪಟ್ಟ ಪೆಟ್ಟಿಗೆ

ನಮ್ಮ ಓಣಿಯ ಶ್ರೀದೇವಿ ಯಾವುದನ್ನೂ ಒಂದೇ ಸಲಕ್ಕೆ ನಂಬಿದವಳಲ್ಲ. ಮಹಾಲಿಂಗಪುರದ ಪೇಟೆಯಲ್ಲಿ ಬೆಲ್ಲದ ಪೆಂಟೆ ಕೊಳ್ಳುವಾಗ ಮೇಲಿನ ಬಣ್ಣ ನೋಡುವುದಿಲ್ಲ, ಒಡೆಸಿ ನಡುವಿನ ಚೂರು ಬಾಯಿಗೆ ಹಾಕಿಕೊಳ್ಳುತ್ತಾಳೆ. ಸೀರೆಯಾದರೆ ಮೊದಲು ಹಿಂಬದಿ ತಿರುಗಿಸುತ್ತಾಳೆ. ನೇಕಾರರ ಮನೆಯ ಮಗಳು, ಅದು ಇರಲಿ. ಗಂಡ ಫೋನಿನಲ್ಲಿ "ಸ್ಟ್ಯಾಂಡಿನ್ಯಾಗ ಅದೇನಿ" ಅಂದರೂ, "ಹಂಗಾರ ಹಿಂದ ಬಸ್ಸಿನ ಸಪ್ಪಳ ಯಾಕ ಕೇಳವಲ್ದು?" ಅನ್ನುವವಳು.

ನಾವಿಬ್ಬರೂ ರಬಕವಿಯಿಂದ ಒಂದೇ ಬಸ್ಸಿನಲ್ಲಿ ಜಮಖಂಡಿಗೆ ಹೋಗುತ್ತೇವೆ. ಅಲ್ಲಿ ಒಂದು ಸಹಕಾರಿ ಸಂಘದ ದೊಡ್ಡ ಕಚೇರಿ. ನಾನು ಕಸ ಗುಡಿಸಿ ಚಹಾ ಮಾಡುವವಳು, ಅವಳು ಕಂಪ್ಯೂಟರ್ ಕೋಣೆ ನೋಡಿಕೊಳ್ಳುವವಳು. ಸದಾ ತಣ್ಣಗಿರುವ ಆ ಕೋಣೆಯಲ್ಲಿ ಕಬ್ಬಿಣದ ಕಪಾಟು, ಅದರಲ್ಲಿ ಒಂದು ಚಪ್ಪಟೆ ಪೆಟ್ಟಿಗೆ. ಅದಕ್ಕೆ ಸ್ವಿಚ್ ಅನ್ನುತ್ತಾರೆ, ದೀಪ ಹಚ್ಚುವ ಸ್ವಿಚ್ಚಲ್ಲ. ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಶಾಖೆಗಳ ವ್ಯವಹಾರವೆಲ್ಲ ತಂತಿಯಲ್ಲಿ ಬಂದು ಅದರ ಮೂಲಕವೇ ಹಾಯಬೇಕು. ಅದು ಹೇಗೆ ನಡೆಯಬೇಕೆಂದು ಕಂಪನಿಯವರು ಒಳಗೆ ತುಂಬಿದ ಬುದ್ಧಿಗೆ ಫರ್ಮ್‌ವೇರ್ ಎಂದು ಹೆಸರು. ಹಳೆಯ ಫರ್ಮ್‌ವೇರಿನಲ್ಲಿ ಕಳ್ಳರು ನುಸುಳುವ ಕಂಡಿ ಇದೆಯೆಂದು ಶ್ರೀದೇವಿ ಶ್ರಾವಣದಲ್ಲಿ ಹೊಸದನ್ನು ಹಾಕಿದ್ದಳು.

ಖಂಡೇಪೂಜೆ, ಅಂದರೆ ಆಯುಧಪೂಜೆ, ಮಾಡಿ ಮುಚ್ಚಿದ್ದ ಕಚೇರಿ ದಸರೆ ಮುಗಿದು ತೆರೆದ ಬೆಳಿಗ್ಗೆ ಅವಳು ಚಹಾಕ್ಕೆ ಬರಲಿಲ್ಲ. ನಾನೇ ಕಪ್ಪು ಹಿಡಿದುಕೊಂಡು ಹೋದೆ.

"ಆಯಿ, ಖಂಡೇಪೂಜಿ ದಿನ ನೀವು ಈ ಖೋಲ್ಯಾಗ ಬಂದಿದ್ರೇನ್ರಿ?" ಎಂದಳು, ಪರದೆಯಿಂದ ಕಣ್ಣು ತೆಗೆಯದೆ.

"ಹೂ ಕಟ್ಟಿಕೊಟ್ಟು ಹೊರಗ ಕುಂತಿದ್ನಿ. ಗಂಡ ಸತ್ತಾಕಿ ನಾ, ಕುಂಕುಮ ಹಚ್ಚೂ ಜಾಗಾಕ್ಕ ಹೋಗೂದಿಲ್ಲಂತ ನಿನಗ ಗೊತ್ತಿಲ್ಲೇನಬೇ?"

"ಗೊತ್ತೈತ್ರಿ. ಆದ್ರೂ ಕೇಳಬೇಕಲ್ಲ."

ಆ ಮಾತು ನನಗೆ ಚುಚ್ಚಿತು. ಆದರೂ ಕಪ್ಪು ಇಟ್ಟು ಅಲ್ಲೇ ನಿಂತೆ. ಅವಳೇ ಹೇಳಿದಳು: ಖಂಡೇಪೂಜೆಯ ದಿನ ಆ ಪೆಟ್ಟಿಗೆ ಒಮ್ಮೆ ಆರಿ ಮತ್ತೆ ಹತ್ತಿದೆ. ಕರೆಂಟು ಹೋಗಿರಲಿಲ್ಲ, ಬೇರೆ ಯಂತ್ರಗಳೂ ಆರಿರಲಿಲ್ಲ. ಈಗ ಒಳಗೆ ಓಡುತ್ತಿರುವುದು ಅವಳು ಹಾಕಿದ ಫರ್ಮ್‌ವೇರ್ ಅಲ್ಲ.

ಮ್ಯಾನೇಜರ್ ಪರಮಾನಂದ ಸಾಹೇಬರು ಶಿಪಾಯಿ ಕಾಶಪ್ಪನನ್ನು ಕರೆಸಿದರು. ಕೋಣೆಯ ಕೀಲಿ ಅವನ ಹತ್ತಿರವೇ ಇತ್ತು, ಪೂಜೆ ಮಾಡಿದವನೂ ಅವನೇ. ಮೊದಲು ರಬಕವಿಯಲ್ಲಿ ಕೈಮಗ್ಗ ನೇಯುತ್ತಿದ್ದವನು.

"ವಿಭೂತಿ ಹಚ್ಚಿನಿ, ಕಾಯಿ ಒಡದ್ನಿ, ಬಾಗಲಾ ಹಾಕ್ಕೊಂಡ ಹೋದ್ನಿ. ಏನೂ ಮುಟ್ಟಿಲ್ರಿ ಸಾಹೇಬ್ರ."

"ಮುಟ್ಟಲಾರದ ವಿಭೂತಿ ಹೆಂಗ ಹಚ್ಚಿದ್ಯೋ?"

ಸಾಹೇಬರು ಶ್ರೀದೇವಿಯ ಕಡೆ ತಿರುಗಿದರು. "ಯಾರ ಕೈಯಾಗರ ಕೀಲಿ ಕೊಟ್ಟಿರಬೇಕು ಇಂವಾ," ಅಂದು ಕಾಶಪ್ಪನಿಗೆ, "ಸಂಜಿಗೆ ಕೀಲಿ ಇಟ್ಟು ಮನಿಗೆ ನಡಿ, ನಾಳಿಂದ ಬರಬ್ಯಾಡ" ಎಂದರು ಸಾಹೇಬರು.

"ಸಂಜೀತನಕ ತಡೀರಿ ಸರ್," ಎಂದಳು ಶ್ರೀದೇವಿ, "ಒಳಗ ಏನ ಹೊಕ್ಕೈತಿ ನೋಡತೀನಿ." ಆದರೆ ಅವಳ ಕಣ್ಣು ಕಾಶಪ್ಪನ ಮುಖದ ಮೇಲೇ ಇತ್ತು.

ಪ್ರತಿ ಫರ್ಮ್‌ವೇರಿಗೂ ಕಂಪನಿ ಅಂಕಿ-ಅಕ್ಷರಗಳ ಒಂದು ಉದ್ದನೆಯ ಗುರುತು ಕೊಟ್ಟಿರುತ್ತದಂತೆ. ಒಳಗೆ ಒಂದು ಚುಕ್ಕೆ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ಅವಳು ಮೊದಲು ಪೆಟ್ಟಿಗೆಯನ್ನೇ ಕೇಳಿದಳು. ಒಳಗಿರುವುದು ಕಂಪನಿಯ ಹಳೆಯ ಫರ್ಮ್‌ವೇರ್ ಎಂದು ಅದು ಪರದೆಯ ಮೇಲೆ ಹೇಳಿತು.

"ಮತ್ತ ಆತಲ್ಲ" ಎಂದೆ.

"ಏನಾತ್ರಿ ಆಯಿ? ಯಾರರ ಅದರ ಬುದ್ಧೀನ ಕೆಡಿಸಿದ್ರ, ಸುಳ್ಳು ಹೇಳೂದೂ ಕಲಿಸಿರತಾರ. ಅದನ್ನ ಕೇಳಿ ಏನ ಮಾಡೂದು?"

ಒಳಗಿನ ಫರ್ಮ್‌ವೇರಿನ ಪ್ರತಿ ಹೊರತೆಗೆದು, ಆ ಪೆಟ್ಟಿಗೆಗೆ ಎಂದೂ ಜೋಡಿಸಿರದ ಬೇರೆ ಲ್ಯಾಪ್‌ಟಾಪಿನಲ್ಲಿ ಗುರುತು ತೆಗೆದಳು. ಕಂಪನಿಯ ಗುರುತುಗಳನ್ನು ಕಚೇರಿಯ ತಂತಿಯಿಂದ ತರಿಸದೆ ತನ್ನ ಫೋನಿನಲ್ಲಿ ತರಿಸಿದಳು. ಬೆನ್ನ ಹಿಂದೆ ಯಾರನ್ನೂ ನಿಲ್ಲಗೊಡಲಿಲ್ಲ, ನನ್ನನ್ನೂ. ಕೊನೆಗೆ ಗುರುತು ಹಳೆಯದರ ಜೊತೆ ಸರಿಯಾಗಿ ಕೂಡಿತು. ಹೊರಗಿನವರು ಏನೂ ತುಂಬಿರಲಿಲ್ಲ. ಹಾಗಾದರೆ ಹಳೆಯದು ವಾಪಸು ಬಂದದ್ದು ಹೇಗೆ?

ಅವಳು ಕಾಶಪ್ಪನನ್ನು ಕರೆಸಿದಳು.

"ಕಾಕಾ, ಮಂಗಳಾರತಿ ಹೊತ್ತಿನ್ಯಾಗ ಈ ಪೆಟ್ಟಿಗಿ ದೀಪ ಮಿಣುಕ್ತಿತ್ತೋ, ಆರಿತ್ತೋ?"

ಕಾಶಪ್ಪ ಬಾಗಿಲ ಕಡೆ ಒಮ್ಮೆ ನೋಡಿ, "ನಡಿಯೂ ಮಗ್ಗಕ್ಕ ಯಾರರ ಪೂಜಿ ಮಾಡತಾರೇನವಾ? ನಿಮ್ಮಪ್ಪ ಮಾಡತಿದ್ನೇನು?" ಎಂದ.

"ಅಂದ್ರ ನಿಲ್ಲಿಸಿದ್ರಿ."

"ವಾಯರ್ ಎದುರಿಗೇ ಇತ್ತು, ಕಿತ್ತಿನಿ. ಆರತಿ ಆತು, ಮತ್ತ ಹಚ್ಚಿನಿ. ಉಳಿದ ಯಂತ್ರ ಹೆಂಗ ನಿಲ್ಲಿಸೂದು ತಿಳೀಲಿಲ್ಲ. ಅವಕ್ಕ ಮನಸಿನ್ಯಾಗ ಕೈ ಮುಗದ್ನಿ."

"ಮತ್ತ ಸಾಹೇಬ್ರ ಮುಂದ ಮುಟ್ಟಿಲ್ಲಂದ್ರಿ?"

"ವಾಯರ್ ಮುಟ್ಟಿದವರ ನೌಕರಿ ಹೋಕ್ಕೈತಂತ ಬೋರ್ಡ್ ಹಾಕೀರಲ್ಲ ನೀವ!"

ಪೆಟ್ಟಿಗೆಯೊಳಗೆ ಹಳೆಯದೂ ಹೊಸದೂ ಎರಡೂ ಇರುತ್ತವೆ. ಶ್ರಾವಣದಲ್ಲಿ ಅವಳು ಹೊಸದನ್ನು ಓಡಿಸಿದ್ದಳು. ಆದರೆ ಇನ್ನು ಮುಂದೆ ಎದ್ದಾಗೆಲ್ಲ ಇದರಿಂದಲೇ ಏಳು ಎಂಬ ಆಜ್ಞೆಯನ್ನು ಉಳಿಸಿರಲಿಲ್ಲ. ಅದಕ್ಕೇ ವಾಯರ್ ಕಿತ್ತು ಹಚ್ಚಿದಾಗ ಪೆಟ್ಟಿಗೆ ಹಳೆಯದರಿಂದಲೇ ಎದ್ದಿತ್ತು. ಈ ಸಂಗತಿ ಕಾಶಪ್ಪನಿಗೆ ತಿಳಿಯುವಂಥದ್ದಲ್ಲ, ಸಾಹೇಬರಿಗೂ ಅಲ್ಲ. ಅವಳು ವಾಯರ್ ಕಿತ್ತದ್ದನ್ನಷ್ಟೇ ಸಾಹೇಬರಿಗೆ ಹೇಳಿದ್ದರೆ ಅವನು ಮನೆಗೆ ಹೋಗುತ್ತಿದ್ದ, ಅವಳಿಗೆ ಏನೂ ಆಗುತ್ತಿರಲಿಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಸಾಹೇಬರ ಕೋಣೆಗೆ ನಡೆದಳು. ಬಾಗಿಲು ತೆರೆದೇ ಇತ್ತು.

"ಸರ್, ವಾಯರ್ ಕಿತ್ತದ್ದು ಕಾಶಪ್ಪ ಕಾಕಾ. ಹಳೇದು ಎದ್ದು ಕುಂತದ್ದು ನನ್ನ ತಪ್ಪಿನಿಂದ. ಯಾವತ್ತರ ಕರೆಂಟು ಹೋಗಿದ್ರೂ ಹಿಂಗ ಆಕ್ಕಿತ್ತು."

"ಈಗ ನಾ ಯಾರನ್ನ ಮನಿಗೆ ಕಳಸಲಿ?"

"ಕಳಸೂದಿದ್ರ ನನ್ನಿಂದ ಸುರು ಮಾಡ್ರಿ."

ಸಾಹೇಬರು ಇಬ್ಬರನ್ನೂ ಬೈದರು, ಯಾರನ್ನೂ ಕಳಿಸಲಿಲ್ಲ. ಕೀಲಿಯನ್ನು ಮಾತ್ರ ತಮ್ಮ ಡ್ರಾವರಿಗೆ ಹಾಕಿಕೊಂಡರು. ಶ್ರೀದೇವಿ ಹೊಸದನ್ನು ಎಬ್ಬಿಸಿ, ಆಜ್ಞೆ ಉಳಿಸಿ, ತನ್ನ ಕೈಯಿಂದಲೇ ವಾಯರ್ ಕಿತ್ತು ಹಚ್ಚಿ ನೋಡಿದಳು. ಕೆಲಸ ನಿಂತಿದೆಯೆಂದು ಮುಧೋಳದಿಂದ ಫೋನು ಬಂತು, ಬೀಳಗಿಯಿಂದಲೂ ಬಂತು. "ತಡೀರಿ, ಗುರುತು ನೋಡಾಕತ್ತೇನಿ" ಎಂದು ಇಬ್ಬರನ್ನೂ ಕಾಯಿಸಿದಳು. ಗುರುತು ಕೂಡಿದ ಮೇಲೂ ಮತ್ತೊಮ್ಮೆ ನೋಡಿದಳು.

ಸಂಜೆಯ ಬಸ್ಸಿನಲ್ಲಿ ಅವಳು ನನ್ನ ಮುಂದಿನ ಸೀಟಿನಲ್ಲಿ ಕುಳಿತಳು. ಕಾಶಪ್ಪ ಬಂದು ನನ್ನ ಹಿಂದೆ ಕುಳಿತ.

"ಖರೇ ಹೇಳಿ ನೌಕರಿ ಉಳಿಸಿದ್ಲು, ಇಲ್ಲನ್ನೂದಿಲ್ಲ. ಆದ್ರ ತಂಗೆವ್ವಾ, ಮುಂಜಾನೆ ನನ್ನ ಮಾರಿ ಹೆಂಗ ನೋಡಿದ್ಲು, ನೀ ನೋಡಿದಿಲ್ಲೋ?"

"ನನ್ನ ಮಾರೀನೂ ಹಂಗ ನೋಡ್ಯಾಳಪಾ" ಎಂದೆ.

ಶ್ರೀದೇವಿಗೆ ಕೇಳಿಸಿತು. ಕಿಟಕಿಯ ಕಡೆ ತಿರುಗಿದವಳು ಬನಹಟ್ಟಿ ದಾಟಿದರೂ ನಮ್ಮ ಕಡೆ ನೋಡಲಿಲ್ಲ.