ಗುಡುಗಮ್ಮ ಕೈ ಎತ್ತಿದ ಮಧ್ಯಾಹ್ನ

ಗುಡುಗಮ್ಮನ ಕೋಪಕ್ಕೆ ಹೆದರದ ಜೀವಗಳು ಅಡುಗೆ ಕಲಿಸುವ ಆ ಶಾಲೆಯಲ್ಲಿ ಎರಡೇ ಇದ್ದವು. ಒಂದು, ಹಿತ್ತಲ ಬಾಗಿಲಿನ ಬೆಕ್ಕು, ಇನ್ನೊಂದು ನಾನು. ಬೆಕ್ಕಿಗೆ ಕಿವಿ ಕೇಳಿಸುತ್ತಿರಲಿಲ್ಲ. ನನಗೆ, ಅವಳು ನಾಲ್ಕನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿನಿಯಾಗಿ ಎದುರಿಗೆ ಕುಳಿತಿದ್ದ ಕಾಲದಿಂದಲೂ ಅಭ್ಯಾಸವಾಗಿತ್ತು.

ಆಗ ಒಮ್ಮೆ ಲೆಕ್ಕದ ಪರೀಕ್ಷೆಯಲ್ಲಿ ನಾನು ಕೂಡುವಾಗ ತಪ್ಪಿ ಅವಳಿಗೆ ಎರಡು ಅಂಕ ಹೆಚ್ಚಾಗಿ ಕೊಟ್ಟುಬಿಟ್ಟಿದ್ದೆ. ಬೇರೆ ಮಕ್ಕಳಾಗಿದ್ದರೆ ಉತ್ತರಪತ್ರಿಕೆಯನ್ನು ಚೀಲಕ್ಕೆ ತುರುಕಿಕೊಂಡು ಮನೆಗೆ ಓಡುತ್ತಿದ್ದರು. ಇವಳು ಮುಖ ಕೆಂಪಗೆ ಮಾಡಿಕೊಂಡು ಮೇಜಿನ ಬಳಿಗೆ ಬಂದು, "ಸರಿಯಾಗಿ ಕೂಡೋಕೆ ಬರಲ್ವಾ ಮೇಷ್ಟ್ರೇ?" ಎಂದು ಕೇಳಿದಳು. ನಾನು ಅಂಕವನ್ನು ತಿದ್ದಿದೆ.

ಅವಳ ಓದು ಹತ್ತನೆಯ ತರಗತಿಗೆ ನಿಂತಿತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ದೊಡ್ಡಾಸ್ಪತ್ರೆಯ ಅಡುಗೆಮನೆಗೆ ಈರುಳ್ಳಿ ಸುಲಿಯಲು ಸೇರಿದವಳು ಇಪ್ಪತ್ತಮೂರು ವರ್ಷಗಳಾದ ಮೇಲೆ ಮುಖ್ಯ ಅಡುಗೆಯವಳಾಗಿ ಹೊರಬಂದಳು. ಅಲ್ಲಿ ಉಪ್ಪಿನ ಡಬ್ಬಿಗೆ ಬೀಗವಿತ್ತು. ಒಬ್ಬ ರೋಗಿಗೆ ಉಪ್ಪು ಬೇಕು, ಇನ್ನೊಬ್ಬನಿಗೆ ಅದೇ ವಿಷ. ಆದ್ದರಿಂದ ಎಷ್ಟೇ ಪಾತ್ರೆಗಳಿರಲಿ, ಉಪ್ಪು ಹಾಕುವ ಕೈ ಒಂದೇ. ಆ ಕೈ ಇವಳದು. ಪ್ರಮಾಣಪತ್ರವಿಲ್ಲದಿದ್ದರೂ ಈ ಅನುಭವವನ್ನು ನೋಡಿ ಅಡುಗೆ ಶಾಲೆಯವರು ಅವಳನ್ನು ಕರೆದು ಕಲಿಸುವ ಕೆಲಸ ಕೊಟ್ಟರು. ಕಾಯಂ ಅಲ್ಲ, ವರ್ಷಕ್ಕೊಮ್ಮೆ ನೇಮಕದ ಕಾಗದ ಹೊಸದಾಗಬೇಕು. ಗುಡುಗಮ್ಮ ಎಂಬ ಹೆಸರಿಟ್ಟವರು ಅಲ್ಲಿನ ವಿದ್ಯಾರ್ಥಿಗಳು.

ಶಾಲೆಯ ಮುಂಭಾಗದಲ್ಲಿ, ಬೀದಿಗೆ ಮುಖಮಾಡಿ, ಹನ್ನೆರಡು ಮೇಜುಗಳ ಒಂದು ಊಟದ ಕೋಣೆಯಿದೆ. ಗುರುವಾರ ಮಧ್ಯಾಹ್ನ ಅದು ಹೋಟೆಲಾಗುತ್ತದೆ. ಬೇಯಿಸುವವರೂ ವಿದ್ಯಾರ್ಥಿಗಳೇ, ಬಡಿಸುವವರೂ ಅವರೇ. ನಿವೃತ್ತನಾದ ಮೇಲೆ ನಾನು ಒಂದು ಗುರುವಾರವನ್ನೂ ತಪ್ಪಿಸಿದವನಲ್ಲ. ಇನ್ನೂ ಪಳಗದ ಕೈಗಳಿಂದ ಬಡಿಸಿಕೊಳ್ಳುವುದರಲ್ಲಿ ಹಳೆಯ ಮೇಷ್ಟರಿಗೆ ಒಂದು ಸುಖವಿದೆ. "ಸರ್, ನೀರು ಎಡಗಡೆಯಿಂದ ಹಾಕಬೇಕಾ, ಬಲಗಡೆಯಿಂದಾ?" ಎಂದು ಒಬ್ಬ ಹುಡುಗ ನನ್ನನ್ನೇ ಕೇಳಿದ್ದ. "ಲೋಟದೊಳಗೆ ಹಾಕಪ್ಪ, ಸಾಕು" ಎಂದಿದ್ದೆ.

ವರ್ಷದ ಕೊನೆಯ ಗುರುವಾರ ಪರೀಕ್ಷೆ. ಅಂದು ಒಂದೊಂದು ಪದಾರ್ಥ ಒಬ್ಬೊಬ್ಬರ ಹೆಸರಿನಲ್ಲಿರುತ್ತದೆ. ಆ ಪದಾರ್ಥ ಕೆಟ್ಟರೆ ಸೊನ್ನೆ, ಸೊನ್ನೆ ಬಂದರೆ ಆ ವರ್ಷ ಹೋಯಿತು. ಕಲಿಸುವವರು ಪಾತ್ರೆಯನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಆ ಪದಾರ್ಥದ ಪರೀಕ್ಷೆ ರದ್ದಾಗಿ ಹೊಸದಾಗಿ ನಡೆಯಬೇಕು, ಮುಟ್ಟಿದವರಿಗೆ ಶಿಕ್ಷೆ.

ಈ ಸಲ ಕ್ಯಾರೆಟ್ ಸೂಪು ಬಿದ್ದದ್ದು ಪಿಸುಮಾತು ಎಂಬ ಹುಡುಗಿಗೆ. ಅವಳ ದನಿ ಪಕ್ಕದಲ್ಲಿ ನಿಂತವರಿಗೂ ಕೇಳಿಸದು. ಅದಕ್ಕೇ ಆ ಹೆಸರು. ಹೊಲಿಗೆಯಂತ್ರ ತುಳಿಯುವ ಅಕ್ಕನೊಡನೆ ಒಂದೇ ಕೋಣೆಯಲ್ಲಿ ಬದುಕುವವಳು. ಕಳೆದ ವರ್ಷ ಜ್ವರ ಬಂದು ಪರೀಕ್ಷೆ ತಪ್ಪಿತ್ತು. ಇದು ಎರಡನೆಯ ಸಲ, ಮೂರನೆಯದಕ್ಕೆ ಅವಕಾಶವಿಲ್ಲ. ರೈಲು ನಿಲ್ದಾಣದ ಕ್ಯಾಂಟೀನಿನವರು ಕೆಲಸ ಕೊಡುತ್ತೇವೆಂದಿದ್ದರು, ಆದರೆ ತಿಂಗಳ ಕೊನೆಯೊಳಗೆ ಪಾಸಾದ ಕಾಗದ ತರಬೇಕು.

ಹನ್ನೆರಡೂವರೆಗೆ ಬರಬೇಕಿದ್ದ ಆಡಳಿತ ಸಮಿತಿಯ ಅಧ್ಯಕ್ಷರು ಬಂದದ್ದು ಒಂದು ಇಪ್ಪತ್ತಕ್ಕೆ. ಅವರು ಬರುವವರೆಗೆ ಯಾರಿಗೂ ಬಡಿಸಕೂಡದೆಂದು ಪ್ರಾಂಶುಪಾಲರ ಅಪ್ಪಣೆ. ಬ್ರೆಡ್ಡು ಆರಿತು, ನನ್ನ ಹಸಿವೂ ಆರಿತು. ಒಳಗೆ ಏನಾಯಿತೆಂಬುದು ನನಗೆ ಆಮೇಲೆ ತಿಳಿಯಿತು.

ಸಣ್ಣ ಉರಿಯ ಮೇಲೆ ಸೂಪು ಗಟ್ಟಿಯಾಗುತ್ತ ಹೋಯಿತು. ಪಿಸುಮಾತು ಆಗಾಗ ಬಿಸಿನೀರು ಸುರಿದಳು. ಗಟ್ಟಿ ಸೂಪಿನ ಮೇಲೆ ಸುರಿದ ನೀರು, ಕಲಕುವವರೆಗೆ ಮೇಲೆಯೇ ನಿಲ್ಲುತ್ತದೆ. "ರುಚಿ ನೋಡದೆ ತಟ್ಟೆ ಎತ್ತಿದ್ರೆ ಕೈ ಮುರೀತೀನಿ" ಎಂದು ಗುಡುಗಮ್ಮ ವರ್ಷವಿಡೀ ಗುಡುಗಿದ್ದಳಲ್ಲ, ಹಾದುಹೋದವರೆಲ್ಲ ಮೇಲಿನಿಂದ ಒಂದು ಚಮಚ ತೆಗೆದು ನೋಡಿದರು. ಸಪ್ಪೆ. ಪಾಪ, ಇವಳು ಮರೆತಿದ್ದಾಳೆ ಎಂದುಕೊಂಡು ಒಂದು ಚಿಟಿಕೆ ಹಾಕಿದರು. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಪಿಸುಮಾತಿಗೋ, ಬೆಳಗಿನಿಂದ ನಲವತ್ತು ಸಲ ರುಚಿ ನೋಡಿ ನಾಲಿಗೆಯೇ ಸೋತುಹೋಗಿತ್ತು.

ನಾನು ಮೊದಲ ಚಮಚವನ್ನು ಹೇಗೋ ನುಂಗಿದೆ. ಅಧ್ಯಕ್ಷರು ಚಮಚ ಕೆಳಗಿಟ್ಟು, ಇಡೀ ಲೋಟ ನೀರು ಕುಡಿದು, "ಸಮುದ್ರಸ್ನಾನ ಇಲ್ಲೇ ಆಯ್ತಲ್ಲ" ಎಂದರು. ಅವರ ಮೇಜಿನವರೆಲ್ಲ ನಕ್ಕರು. ಪ್ರಾಂಶುಪಾಲರು ನಗುತ್ತಲೇ ಎದ್ದರು; ಅಡುಗೆಮನೆಯ ಬಾಗಿಲು ದಾಟುವಷ್ಟರಲ್ಲಿ ಅವರ ನಗು ಮಾಯವಾಗಿತ್ತು. ನನ್ನ ಮೇಜು ಆ ಬಾಗಿಲಿನ ಪಕ್ಕದಲ್ಲಿತ್ತು, ಬಾಗಿಲು ಅರ್ಧ ತೆರೆದಿತ್ತು.

"ಸೂಪು ಯಾರ ಹೆಸರಲ್ಲಿದೆ? ಸೊನ್ನೆ ಬರೀರಿ. ಮುಂದಿನ ತಟ್ಟೆ ಬೇಗ ಕಳಿಸಿ."

ಪಿಸುಮಾತು ಏನೋ ಹೇಳಿದಳು. ಎಂದಿನಂತೆ ಯಾರಿಗೂ ಕೇಳಿಸಲಿಲ್ಲ.

ಗುಡುಗಮ್ಮ ಸೌಟಿನಿಂದ ತಳದ ಸೂಪನ್ನು ಎತ್ತಿ ನಾಲಿಗೆಗೆ ತಾಗಿಸಿದಳು. ಒಲೆ ಆರಿಸಿದಳು. "ಎಲ್ಲಾ ಇಲ್ಲಿ ಬನ್ನಿ. ಇದಕ್ಕೆ ಯಾರ್ಯಾರು ಉಪ್ಪು ಹಾಕಿದ್ರಿ?"

ಬಂದವರು ಒಬ್ಬರ ಹಿಂದೊಬ್ಬರು ಸರಿದು ನಿಂತರು.

"ಅಂದ್ರೆ ಸೂಪು ತಾನಾಗೇ ಎದ್ದು ಸಮುದ್ರಕ್ಕೆ ಹೋಗಿ ಬಂತು. ಒಬ್ಬಳ ಕೈಲಿ ಇಷ್ಟು ಉಪ್ಪು ಬೀಳಲ್ಲ, ನಂಗೆ ಲೆಕ್ಕ ಗೊತ್ತು. ಅವಳ ವರ್ಷ ಹೋಗ್ತಿದೆ ಕಣ್ರೋ. ಬಾಯಲ್ಲಿ ಅವಲಕ್ಕಿ ಇಟ್ಕೊಂಡಿದೀರಾ?"

ಬ್ರೆಡ್ಡು ಮಾಡುತ್ತಿದ್ದ ಉದ್ದನೆಯ ಹುಡುಗ ಕೈ ಎತ್ತಿದ. "ಒಂದೇ ಚಿಟಿಕೆ ಮೇಡಂ."

"ನಿನ್ನ ಚಿಟಿಕೆ ಅಂದ್ರೆ ಹಿಡಿ. ಇನ್ಯಾರು?"

ಪಲ್ಯದ ಹುಡುಗಿ ಎತ್ತಿದಳು. ಸಿಹಿ ಮಾಡುತ್ತಿದ್ದವನು ಎತ್ತಿದ. ಬಡಿಸುವ ಕೋಟು ತೊಟ್ಟವನೊಬ್ಬ ಅರ್ಧ ಎತ್ತಿದ.

"ಪೂರ್ತಿ ಎತ್ತೋ. ಹಾಕೋವಾಗ ಅರ್ಧ ಕೈಲಿ ಹಾಕಿದ್ಯಾ?"

ಪ್ರಾಂಶುಪಾಲರು ಗಡಿಯಾರ ನೋಡಿದರು. "ಆಯ್ತಲ್ಲ ಮೇಡಂ? ಯಾರು ಹಾಕಿದ್ರೂ ಪಾತ್ರೆ ಕಾಯಬೇಕಾದವಳು ಅವಳೇ. ನಿಯಮ ನಿಯಮ."

ಗುಡುಗಮ್ಮ ಸೌಟನ್ನು ಕೆಳಗಿಟ್ಟಳು. ಆಮೇಲೆ ಬಲಗೈ ಮೇಲೆತ್ತಿದಳು.

"ನಾನೂ ಹಾಕಿದೀನಿ."

ಪ್ರಾಂಶುಪಾಲರು ಹತ್ತಿರ ಸರಿದು ದನಿ ತಗ್ಗಿಸಿದರು. "ಕೈ ಇಳಿಸಿ. ನಿಮ್ಮನ್ನ ಯಾರೂ ಕೇಳಲಿಲ್ಲ. ನಿಮ್ಮ ಕಾಗದ ಮುಂದಿನ ವಾರ ಸಮಿತಿ ಮುಂದೆ ಬರುತ್ತೆ. ಸುಮ್ನೆ ಇದ್ದುಬಿಡಿ."

"ಇಳಿಸೋಕೆ ಎತ್ತಿದ್ದಲ್ಲ ಸಾರ್. ಹನ್ನೆರಡೂ ಮುಕ್ಕಾಲಿಗೆ ಈ ಕಡೆ ಬಂದೆ, ಮೇಲಿಂದ ನೋಡ್ದೆ, ಸಪ್ಪೆ ಅನ್ನಿಸ್ತು, ಕೈ ಹೋಯ್ತು. ಇಪ್ಪತ್ತಮೂರು ವರ್ಷ ಹೋದ ಕೈ. ಕಲಕಿ ನೋಡಬೇಕು ಅನ್ನೋ ಬುದ್ಧಿ ನನಗೇ ಇರಲಿಲ್ಲ, ಇವಕ್ಕೆ ಎಲ್ಲಿಂದ ಬರಬೇಕು? ನಾನು ಮುಟ್ಟಿದೀನಿ. ಪರೀಕ್ಷೆ ರದ್ದು. ನಿಯಮ ನಿಯಮ ಅಂದ್ರಲ್ಲ, ಬರೀರಿ."

ಅವರು ಬರೆಯಲಿಲ್ಲ. ಅವಳೇ ಗೋಡೆಗೆ ತೂಗುಹಾಕಿದ್ದ ಪರೀಕ್ಷೆಯ ಹಾಳೆಯನ್ನು ಕಿತ್ತು, ಸೂಪಿನ ಸಾಲಿನಲ್ಲಿ ಮುಟ್ಟಿದವರೆಂದು ತನ್ನ ಹೆಸರು ಬರೆದು, ಸಹಿ ಹಾಕಿ, ಅದನ್ನು ಹಿಡಿದುಕೊಂಡು ನೇರವಾಗಿ ಊಟದ ಕೋಣೆಗೆ ಬಂದಳು. ಹಾಳೆಯನ್ನು ಅಧ್ಯಕ್ಷರ ತಟ್ಟೆಯ ಪಕ್ಕದಲ್ಲಿಟ್ಟಳು.

"ತಪ್ಪು ನಂದು, ಇಲ್ಲಿ ಬರೆದಿದೀನಿ. ಆದ್ರೆ ಸಾರ್, ಒಲೆ ಮೇಲಿನ ಪಾತ್ರೆಗೆ ನೀವು ದೊಡ್ಡವರು ಅಂತ ಗೊತ್ತಾಗಲ್ಲ. ಐವತ್ತು ನಿಮಿಷ ಕಾಯಿಸಿದ್ರಿ. ಆ ಹುಡುಗಿ ಐವತ್ತು ನಿಮಿಷ ತಡವಾಗಿ ಬಂದಿದ್ರೆ ಬಾಗಿಲಲ್ಲೇ ಫೇಲ್ ಮಾಡ್ತಿದ್ರಿ."

ಅಧ್ಯಕ್ಷರು ಕರವಸ್ತ್ರದಿಂದ ತುಟಿ ಒರೆಸಿಕೊಂಡು, "ಈಯಮ್ಮ ಯಾರು?" ಎಂದು ಪ್ರಾಂಶುಪಾಲರನ್ನು ಕೇಳಿದರು. ಏಳು ವರ್ಷ ಅವರ ಶಾಲೆಯಲ್ಲಿ ದುಡಿದವಳು. ಆ ಪ್ರಶ್ನೆ ಕೇಳಿ ನನಗೂ ಸಿಟ್ಟು ಬಂತು. ನಾನು ಮೂವತ್ತೈದು ವರ್ಷ ಮಕ್ಕಳ ಮೇಲೆ ಕೂಗದವನು. ಅಂದು ಎದ್ದು ನಿಂತು, "ಅವಳು ಈ ಮಕ್ಕಳ ಮೇಷ್ಟ್ರು, ಸ್ವಾಮಿ" ಎಂದೆ. ಅಷ್ಟು ಹೇಳಿ ಕುಳಿತುಬಿಟ್ಟೆ. ಹೇಳಬೇಕಾದ್ದು ಇನ್ನೂ ಇತ್ತು.

ಹಾಳೆಯ ಮೇಲೆ ಸಹಿ ಬಿದ್ದಿದ್ದರಿಂದ, ಹನ್ನೆರಡು ಮೇಜಿನವರೂ ಕೇಳಿಸಿಕೊಂಡಿದ್ದರಿಂದ, ಅದನ್ನು ಮುಚ್ಚಿಡಲಾಗಲಿಲ್ಲ. ಸೂಪಿನ ಪರೀಕ್ಷೆ ಸೋಮವಾರ ಮತ್ತೆ ನಡೆಯಿತು. ಗುಡುಗಮ್ಮನನ್ನು ಗೇಟಿನೊಳಗೆ ಬಿಡಲಿಲ್ಲ. ಆ ವಾರವೇ, ಅವಳ ಕಾಗದ ಹೊಸದಾಗುವುದಿಲ್ಲವೆಂದು ಒಂದು ಸಾಲಿನ ಪತ್ರ ಬಂತು. ಆ ಪತ್ರದಲ್ಲಿ ಎರಡು ತಪ್ಪುಗಳಿದ್ದವು. ನಾನು ಕೆಂಪು ಶಾಯಿಯಲ್ಲಿ ತಿದ್ದಿ ಪ್ರಾಂಶುಪಾಲರಿಗೆ ಹಿಂದಕ್ಕೆ ಕಳಿಸಿದೆ. ಅದಕ್ಕಿಂತ ಹೆಚ್ಚಿನದೇನೂ ನನ್ನ ಕೈಲಾಗಲಿಲ್ಲ. ಗುರುವಾರದ ಊಟಕ್ಕೆ ಹೋಗುವುದನ್ನು ಬಿಟ್ಟೆ.

ತಿಂಗಳ ಕೊನೆಯ ದಿನ ನಾನು ಗುಡುಗಮ್ಮನ ಮೂರನೆಯ ಮಹಡಿಯ ಮನೆಯಲ್ಲಿದ್ದಾಗ ಪಿಸುಮಾತು ಬಂದಳು. ಕೈಯಲ್ಲಿ ಪಾಸಾದ ಕಾಗದ. ಬಾಗಿಲಲ್ಲೇ ನಿಂತು ಏನೋ ಹೇಳುತ್ತ ಅಳತೊಡಗಿದಳು.

"ಕೇಳಿಸ್ತಿಲ್ಲ" ಎಂದಳು ಗುಡುಗಮ್ಮ.

"ನನ್ನಿಂದ ನಿಮ್ಮ ಕೆಲಸ..."

"ನಿನ್ನಿಂದ ಅಲ್ಲ. ನನ್ನ ಕೈಯಿಂದ ಹೋಯ್ತು, ಅವರ ಕೊಬ್ಬಿಂದ ಹೋಯ್ತು. ಅದರಲ್ಲಿ ನೀನು ಪಾಲು ಕೇಳಬೇಡ. ಕ್ಯಾಂಟೀನಿಗೆ ಕಾಗದ ಕೊಟ್ಯಾ?"

ಹುಡುಗಿ ಇಲ್ಲವೆಂದು ತಲೆಯಾಡಿಸಿದಳು. ಮೊದಲು ಇಲ್ಲಿಗೇ ಬಂದಿದ್ದಳಂತೆ.

ಗುಡುಗಮ್ಮನ ಮುಖ ಕೆಂಪಾಯಿತು. "ಇವತ್ತು ಕೊನೇ ದಿನ. ಐದು ಗಂಟೆಗೆ ಅವರ ಆಫೀಸು ಮುಚ್ಚುತ್ತೆ. ಈಗ ನಾಲ್ಕೂ ಹತ್ತು. ಇಲ್ಲಿ ನಿಂತ್ಕೊಂಡು ಅಳ್ತಿದೀಯಲ್ಲ, ತಲೆಯಲ್ಲಿ ಏನು ತುಂಬ್ಕೊಂಡಿದೀಯೇ?" ಎನ್ನುತ್ತಲೇ ಚಪ್ಪಲಿ ಮೆಟ್ಟಿ, ಹುಡುಗಿಯ ರಟ್ಟೆ ಹಿಡಿದು ಮೆಟ್ಟಿಲಿಳಿದಳು.

ಬಾಗಿಲು ಹಾಕಿಕೊಂಡು ಬನ್ನಿ ಎಂದು ನನಗೆ ಕೆಳಗಿನಿಂದ ಕೂಗಿ ಹೇಳಿದಳು. ಮೂರು ಮಹಡಿಗಳಿಗೂ ಕೇಳಿಸಿತು.