ಗಿರಾಕಿ ಅಂದಾಜು ನಲವತ್ತು

ನಮ್ಮ ಮನೆಯ ಹೊಸ್ತಿಲಾಚೆ, ಎಡಗಡೆಯ ಗೋಡೆಗೆ ತಾಗಿ, ಒಂದು ಜೋಡಿ ಚಪ್ಪಲಿ ಹಿಡಿಯುವಷ್ಟು ಜಾಗ ಈಗಲೂ ಖಾಲಿಯಿದೆ. ಹಾಗೆ ಬಿಡಬೇಕೆಂದು ಯಾರೂ ಅಪ್ಪಣೆ ಮಾಡಿಲ್ಲ. ಆದರೂ ನಾನು, ನನ್ನ ಹೆಂಡತಿ ಸುಮಂಗಲಾ, ಹಾಲು ಕೊಡಲು ಬರುವವನು ಕೂಡ ಆ ಗೇಣಗಲದ ಫರಸಿಕಲ್ಲನ್ನು ಬಿಟ್ಟು ಆಚೆಗೇ ಚಪ್ಪಲಿ ಕಳಚುತ್ತೇವೆ. ಅಲ್ಲಿ ಅವ್ವನ ಚಪ್ಪಲಿ ಇರುತ್ತಿದ್ದವು. ಸೊಂಟದ ಎಲುಬು ಮುರಿದು ಕೂಡಿಕೊಂಡ ಮೇಲೆ ಅವಳ ಬಲಗಾಲು ಒಂದು ಬೆರಳಿನಷ್ಟು ಗಿಡ್ಡಾಗಿತ್ತು. ಚೌಕದ ಮೋಚಿ ಬಲಗಾಲಿನ ಚಪ್ಪಲಿಯ ಹಿಮ್ಮಡಿಗೆ ಕರಿಯ ರಬ್ಬರಿನ ತುಂಡೊಂದನ್ನು ಅಂಟಿಸಿ, ಮೊಳೆ ಹೊಡೆದು, ಅವಳು ನೆಟ್ಟಗೆ ನಡೆಯುವಂತೆ ಮಾಡಿದ್ದ. ಒಂದು ಎತ್ತರ, ಒಂದು ತಗ್ಗು, ನೀಲಿ ಪಟ್ಟಿ. ಅಂಥ ಚಪ್ಪಲಿ ಬೇರೆ ಯಾರ ಕಾಲಿಗೂ ಬರುವಂಥವಲ್ಲ ಎಂದುಕೊಂಡು, ಅವಳು ತೀರಿದ ಮೇಲೆ ಬಂದ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ, ನಾನೇ ನನ್ನ ಕೈಯಾರೆ ಎತ್ತಿ ಕಸದ ಘಂಟಾಗಾಡಿಗೆ ಹಾಕಿಬಿಟ್ಟೆ.

ಚಪ್ಪಲಿಯಿಂದ ಶುರುಮಾಡಿ ಘರಪಟ್ಟಿಯ ಮಾತಿಗೆ ಹೊರಟಿದ್ದೇನೆ, ತಾಳ್ಮೆಯಿರಲಿ. ಪುಣೆಯಲ್ಲಿ ಮನೆಯ ತೆರಿಗೆಗೆ ಘರಪಟ್ಟಿ ಎನ್ನುತ್ತಾರೆ, ಧಾರವಾಡದಿಂದ ಬಂದು ನೆಲೆಸಿದ ನಮ್ಮ ಬಾಯಿಗೂ ಅದೇ ಶಬ್ದ ಒಗ್ಗಿಹೋಗಿದೆ. ಮರುವರ್ಷ ಬೇಸಿಗೆಯಲ್ಲಿ ಬಂದ ಬಿಲ್ಲನ್ನು ಹಿಂದಿನ ವರ್ಷದ ಬಿಲ್ಲಿನ ಪಕ್ಕದಲ್ಲಿಟ್ಟರೆ ಎರಡೂ ಒಂದೇ ಮನೆಯವೆಂದು ಯಾರೂ ಆಣೆ ಮಾಡಿ ಹೇಳುವಂತಿರಲಿಲ್ಲ, ಅಷ್ಟು ಉಬ್ಬಿತ್ತು. ಮನೆ ಇನ್ನೂ ಅವ್ವನ ಹೆಸರಿನಲ್ಲಿದ್ದುದರಿಂದ ಬಿಲ್ಲೂ ಅವಳ ಹೆಸರಿಗೇ ಬಂದಿತ್ತು. ಹೆಸರಿನ ಕೆಳಗೆ, ಮನೆಯ ಉಪಯೋಗ ಯಾವುದು ಎಂಬಲ್ಲಿ, ವರ್ಷಾನುಗಟ್ಟಲೆ 'ನಿವಾಸಿ' ಎಂದಿದ್ದದ್ದು ಹೋಗಿ 'ಬಿಗರ ನಿವಾಸಿ' ಎಂದಾಗಿತ್ತು. ಇಲ್ಲಿ ಸಂಸಾರವಿಲ್ಲ, ವ್ಯಾಪಾರ ನಡೆದಿದೆ ಎಂದು ಅದರ ಅರ್ಥ. ಮಲಗುವ ಕೋಣೆ, ದೇವರ ಮಾಡ, ಒಣಹಾಕಿದ ಸಂಡಿಗೆ, ಇಷ್ಟು ಬಿಟ್ಟು ಮತ್ತೇನೂ ಇಲ್ಲದ ಈ ಮನೆಯಲ್ಲಿ ಯಾವ ವ್ಯಾಪಾರ, ರಾಮಾ!

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಸುಮಂಗಲಾ ಹೇಳುವುದು ಸುಳ್ಳಲ್ಲ. ಆದರೆ ನಾನು ಚಾಕಣದ ಕಾರ್ಖಾನೆಯೊಂದರಲ್ಲಿ ಗಾಡಿಗಳ ಬಿಡಿಭಾಗ ತಪಾಸಣೆ ಮಾಡಿಯೇ ತಲೆ ನರೆಸಿಕೊಂಡವನು. ಒಂದು ಭಾಗವನ್ನು ತಿರಸ್ಕರಿಸಿದರೆ ಯಾಕೆಂದು ಬರೆದು ಸಹಿ ಹಾಕಬೇಕು, ಇಲ್ಲದಿದ್ದರೆ ನನ್ನ ಕುತ್ತಿಗೆಗೇ ಬರುತ್ತದೆ. ಆದ್ದರಿಂದ ಇದಕ್ಕೂ ಎಲ್ಲೋ ಒಂದು ಕಾರಣದ ಕಾಗದ ಇದ್ದೇ ಇರಬೇಕೆಂದು ಹುಡುಕಲು ಕೂತೆ. ಮಹಾನಗರಪಾಲಿಕೆಯ ಜಾಲತಾಣದಲ್ಲಿ ಮನೆಯ ನಂಬರು ಹಾಕಿದರೆ ಎಷ್ಟು ಕಟ್ಟಬೇಕೆಂಬುದು ಥಟ್ಟನೆ ಕಾಣಿಸುತ್ತದೆ, ಕಟ್ಟಲು ಒತ್ತುವ ಗುಂಡಿಯೂ ಹಸಿರಾಗಿ ಹೊಳೆಯುತ್ತದೆ. ಯಾಕೆ ಕಟ್ಟಬೇಕು ಎಂದು ಕೇಳುವುದಕ್ಕೆ ಮಾತ್ರ ಗುಂಡಿಯಿಲ್ಲ. ತೆರಿಗೆಯನ್ನು ಗೊತ್ತುಮಾಡುವ ವಿದ್ಯೆಯೇ ಒಂದು ಕಲ್ಪನಾವಿಲಾಸವೆಂದು ಆಗ ನನಗೆ ತಿಳಿಯಿತು. ನಿಮ್ಮ ಮನೆಯಲ್ಲಿ ನೀವೇ ಇದ್ದರೂ, ಅದನ್ನು ಬಾಡಿಗೆಗೆ ಕೊಟ್ಟಿದ್ದರೆ ವರ್ಷಕ್ಕೆ ಏನು ಬರಬಹುದಿತ್ತೆಂದು ಊಹಿಸಿ, ಆ ಊಹೆಯ ಬಾಡಿಗೆಯ ಮೇಲೆ ಪಟ್ಟಿ ಹಾಕುತ್ತಾರೆ. ಸ್ವಂತಕ್ಕೆ ವಾಸವಾಗಿದ್ದೀರೆಂದು ತೋರಿಸಿದರೆ ಕೊಂಚ ಸವಲತ್ತು, ಅಂಗಡಿ ಹಾಕಿದ್ದೀರೆಂದು ಬರೆದುಕೊಂಡರೆ ಬೇರೆಯೇ ದರ. ಹುಟ್ಟದೇ ಇರುವ ಬಾಡಿಗೆದಾರನೊಬ್ಬನನ್ನು ಮನೆಯಲ್ಲಿಟ್ಟುಕೊಂಡು ನಾವೆಲ್ಲ ಸಂಸಾರ ಮಾಡುತ್ತಿದ್ದೇವೆ, ನೋಡಿ. ಅವನನ್ನಾದರೂ ಹೇಗೋ ಸಹಿಸಿಕೊಂಡೇನು, ಕಾಣದ ಅಂಗಡಿಯನ್ನು ಹೇಗೆ ಸಹಿಸಲಿ?

ರಜೆ ಹಾಕಿ ನಮ್ಮ ಭಾಗದ ಕಚೇರಿಗೆ ಹೋದೆ. ಕಿಟಕಿಯ ಹಿಂದಿದ್ದ ಮ್ಯಾಡಮ್ ತಲೆ ಎತ್ತದೆ "ಆಧೀ ಭರಾ, ಮಗ ಬೋಲಾ" ಎಂದರು. ಮೊದಲು ಕಟ್ಟಿ, ಆಮೇಲೆ ಮಾತಾಡಿ! ಮಾತಾಡಿದ ಮೇಲೆ ಕಟ್ಟುತ್ತೇನೆ ಎಂದು ನಾನೂ ಹಟ ಹಿಡಿದೆ. ಎರಡನೆಯ ಸಲ ಅರ್ಜಿ ಕೊಟ್ಟೆ. ಮೂರನೆಯ ಸಲ ಹೋದಾಗ ತಪಾಸಣೆಯ ವರದಿಯ ಝೆರಾಕ್ಸ್ ಪ್ರತಿಯೊಂದನ್ನು ಕಿಟಕಿಯಿಂದ ಹೊರಗೆ ತಳ್ಳಿದರು. ಒಂದೇ ಪುಟ. ಕೆಳಗೊಂದು ಫೋಟೋ ಇತ್ತು, ಆದರೆ ಝೆರಾಕ್ಸಿನಲ್ಲಿ ಅದು ಕಾಡಿಗೆ ಬಳಿದಂತೆ ಬರೀ ಕಪ್ಪಾಗಿತ್ತು. ಮೇಲಿನ ಮರಾಠಿ ಅಕ್ಷರ ಮಾತ್ರ ಸ್ವಚ್ಛವಾಗಿತ್ತು: ಉಪಯೋಗ, ಖಾನಾವಳಿ. ಅಡಿಗೆಯವರು ಇಬ್ಬರು. ದೊಡ್ಡ ಪಾತ್ರೆ ಆರು. ಬಾಗಿಲಲ್ಲಿ ಚಪ್ಪಲಿ ನಲವತ್ತು ಜೋಡಿ, ಗಿರಾಕಿ ಅಂದಾಜು ನಲವತ್ತು. ತಪಾಸಣೆಯ ತಾರೀಖು ಓದಿದೆ. ಇನ್ನೊಮ್ಮೆ ಓದಿ, ಬೆರಳು ಮಡಚಿ ದಿನ ಎಣಿಸಿದೆ.

ಅದು ಅವ್ವನ ಹದಿಮೂರನೆಯ ದಿನ.

ಮೈಯೆಲ್ಲ ಉರಿದುಹೋಯಿತು. ಎಂಥ ಅನ್ಯಾಯವೆಂದು ನಿಮಗೆ ತಿಳಿಯಬೇಕಾದರೆ ಅವ್ವನ ಒಂದು ಮಾತು ಹೇಳಬೇಕು. ಅಪ್ಪ ತೀರಿಕೊಂಡಾಗ ನಾನಿನ್ನೂ ಶಾಲೆಯಲ್ಲಿದ್ದೆ. ಧಾರವಾಡ, ಬೆಳಗಾವಿ ಕಡೆಯಿಂದ ನೌಕರಿಗೆಂದು ಬಂದ ಒಂಟಿ ಗುಮಾಸ್ತರು ಆಗ ನಮ್ಮ ಸುತ್ತ ಬೇಕಾದಷ್ಟಿದ್ದರು. "ಖಾನಾವಳಿ ಹಾಕ್ರಿ ವೈನಿ, ನಿಮ್ಮ ಕೈಯಾಗಿನ ರೊಟ್ಟಿ ಝುಣಕಕ್ಕ ಮಂದಿ ಪಾಳಿ ಹಚ್ಚಿ ನಿಲ್ತಾರ" ಎಂದು ಬಂಧುಬಳಗವೆಲ್ಲ ಒತ್ತಾಯ ಮಾಡಿತು. "ಅನ್ನಾ ನೀಡ್ತೀನಿ, ಮಾರೂದಿಲ್ಲ" ಎಂದು ಅವ್ವ ಒಂದೇ ಮಾತಿನಲ್ಲಿ ಮುಗಿಸಿದಳು. ಕಣ್ಣು ಮಂಜಾಗುವ ತನಕ ಮಂದಿಯ ಸೀರೆಗಳಿಗೆ ಫಾಲು ಹಚ್ಚಿ ನನ್ನನ್ನೂ ಅಕ್ಕನನ್ನೂ ಓದಿಸಿದಳು. ಆ ಒಂಟಿ ಗುಮಾಸ್ತರೆಲ್ಲ ಹಬ್ಬ ಬಂದರೆ ನಮ್ಮಲ್ಲೇ ಕೈಬೀಸಿಕೊಂಡು ಬಂದು ಉಂಡು ಹೋದರು. ಇಂಥವಳ ಹೆಸರಿನ ಮುಂದೆ, ಅವಳೇ ಇಲ್ಲವಾದ ಹದಿಮೂರನೆಯ ದಿನ, ಖಾನಾವಳಿ ಎಂದು ಸರಕಾರಿ ಅಕ್ಷರದಲ್ಲಿ ಬರೆದಿಟ್ಟರಲ್ಲ! ಹೆಚ್ಚಿಗೆ ಪಟ್ಟಿ ಬೇಕಾದರೆ ಕಟ್ಟಿ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಆದರೆ ಆ ಶಬ್ದವನ್ನು ಅಳಿಸದ ಹೊರತು ಅವ್ವನ ಫೋಟೋದ ಮುಂದೆ ನಿಂತು ಕೈಮುಗಿಯುವ ಮುಖ ನನಗಿರಲಿಲ್ಲ.

ಆದರೆ ತಪಾಸಣೆಯವನು ಬಂದದ್ದನ್ನು ಕಂಡವರು ಯಾರು? ನಾನಂತೂ ಅವತ್ತು ಒಳಕೋಣೆಯಲ್ಲಿ ಪುರೋಹಿತರ ಮುಂದೆ ಕೂತಿದ್ದೆ. ಹೊರಗಿನ ಪಂಕ್ತಿ ನೋಡಿಕೊಂಡವರು ಅಕ್ಕನ ಗಂಡ, ಬೆಳಗಾವಿಯ ಶ್ರೀಪಾದ ಭಾವ. ಫೋನು ಹಚ್ಚಿ ಅವರ ಮುಂದೆ ನನ್ನ ಬೆಂಕಿಯನ್ನೆಲ್ಲ ಉಗುಳಿದೆ.

"ಬಂದಿದ್ದನೋ ಒಬ್ಬಾಂವ" ಎಂದರು. "ಹೆಲ್ಮೆಟ್ ಹಿಡ್ಕೊಂಡು ಬಾಗಿಲದಾಗ ನಿಂತಿದ್ದ. ಮಾರಿ ಬಾಡಿತ್ತು, ಊಟಾ ಆಗಿಲ್ಲಂತ ನೋಡಿದ್ರನ ಗೊತ್ತಾಗ್ತಿತ್ತು. ಅಂವಾ ಬಾಯಿ ತಗಿಯೂದ್ರಾಗ 'ಮೊದಲ ಊಟಾ ಮಾಡ್ರಿ' ಅಂತ ಮರಾಠಿಯೊಳಗ ಹೇಳಿ ಎಲಿ ಮುಂದ ಕೂಡಿಸಿದೆ."

"ಹದಿಮೂರನೇ ದಿನದ ಊಟಾ ಅಂತ ಹೇಳಲಿಲ್ಲೇನ್ರಿ ಭಾವ?"

"ಹೇಳಿದ್ರ ಎಲಿ ಬಿಟ್ಟು ಎದ್ದ ಹೋಗ್ತಿದ್ದ. ಭಾಳ ಮಂದಿ ಈ ಊಟಾ ಉಣ್ಣೂದಿಲ್ಲ. ಅತ್ತಿ ಇದ್ದಿದ್ರ ಹಸದಾಂವನ್ನ ಹಂಗ ಹೋಗಗೊಡ್ತಿದ್ರೇನು, ನೀನ ಹೇಳು."

ಹಸಿದು ಬಂದವನು ಉಂಡು ಕೈ ತೊಳೆಯುವವರೆಗೆ ನೀನು ಯಾರು, ಯಾಕೆ ಬಂದೆ ಎಂದು ಕೇಳಬಾರದೆಂದು ಭಾವನಿಗೆ ಕಲಿಸಿದವಳು ಅವ್ವನೇ. ಯಾರು, ಯಾಕೆ ಎಂದು ನಾವು ಕೇಳಲಿಲ್ಲ. ಏನು, ಎತ್ತ ಎಂದು ಅವನೂ ಕೇಳಲಿಲ್ಲ. ನಾವು ಕೇಳದೇ ಇದ್ದದ್ದು ಮರ್ಯಾದೆಗೆ. ಕೇಳುವುದೇ ಉದ್ಯೋಗವಾಗಿರುವ ಆ ಪುಣ್ಯಾತ್ಮನಿಗೇನಾಗಿತ್ತು ಧಾಡಿ? ತೇರಾವಾ, ಅಂದರೆ ಹದಿಮೂರನೆಯದು, ಎಂಬ ಒಂದು ಮರಾಠಿ ಶಬ್ದ ಕಿವಿಗೆ ಬಿದ್ದಿದ್ದರೆ ಅವನ ವರದಿ ಅಲ್ಲೇ ಹರಿದುಹೋಗುತ್ತಿತ್ತು.

ತಕರಾರು ಅರ್ಜಿ ಕೊಟ್ಟೆ, ವಿಚಾರಣೆಯ ದಿನ ನಿಗದಿಯಾಯಿತು. ಅವ್ವನ ಮರಣದ ದಾಖಲೆ, ಹದಿಮೂರನೆಯ ದಿನದ ಕರೆಯ ಚೀಟಿ, ಎಲ್ಲವನ್ನೂ ಹಿಡಿದು ಅಧಿಕಾರಿಯ ಮುಂದೆ ಕೂತೆ. ತಪಾಸಣೆಯವನನ್ನೂ ಕರೆಸಿದ್ದರು. ಗುತ್ತಿಗೆಯ ನೌಕರಿಯ ಮನುಷ್ಯ, ನನ್ನದೇ ವಯಸ್ಸು, ಅಂಗಿಯ ಕಾಲರು ಸವೆದಿತ್ತು. ಮಾತಿನ ಚಾಟಿಯನ್ನು ನಾಲ್ಕು ದಿನದಿಂದ ನೆನೆಸಿಟ್ಟುಕೊಂಡೇ ಹೋಗಿದ್ದೆ, ಬೀಸಿದೆ ಕೂಡ. ಅವನು ಎಲ್ಲ ಕೇಳಿಸಿಕೊಂಡು ಅಧಿಕಾರಿಯ ಕಡೆ ತಿರುಗಿ ಹೇಳಿದ: "ಅನೋಳಖೀ ಮಾಣಸಾಲಾ ಅಸಂ ಕೋಣ ಜೇವಾಯಲಾ ಬಸವತಂ, ಸಾಹೇಬ?" ಗುರುತು ಪರಿಚಯ ಇಲ್ಲದವನನ್ನು ಹೀಗೆ ಯಾರು ಊಟಕ್ಕೆ ಕೂಡಿಸುತ್ತಾರೆ? ಖಾನಾವಳಿಯೇ ಇರಬೇಕೆಂದುಕೊಂಡು ಉಂಡನಂತೆ. ಎದ್ದು ದುಡ್ಡು ಎಷ್ಟೆಂದು ಕೇಳಿದರೆ ಭಾವ ಕೈಮುಗಿದು ಬೇಡವೆಂದರಂತೆ. ಆಗ ಅವನಿಗೆ ಸಂಶಯ ಬಂತು: ಇವರು ಪುಕ್ಕಟೆ ಊಟ ಹಾಕಿ ನನ್ನ ಬಾಯಿ ಕಟ್ಟುತ್ತಿದ್ದಾರೆ. ಲಂಚ ತಿಂದವನು ಎನಿಸಿಕೊಳ್ಳಬಾರದೆಂದು, ಉಂಡ ಮನೆಯೆಂಬ ದಾಕ್ಷಿಣ್ಯ ಬಿಟ್ಟು, ಕಂಡದ್ದನ್ನು ಕಂಡಹಾಗೆ ಬರೆದ. ಹದಿಮೂರನೆಯ ದಿನದ ಊಟವೆಂದು ಈಗ ತಿಳಿದು ಅವನ ಮುಖ ಇಷ್ಟೇ ಆಯಿತು. "ಮಲಾ ಸಾಂಗಾಯಲಾ ಹವಂ ಹೋತಂ" ಎಂದ, ನನ್ನ ಕಡೆ ನೋಡದೆ. ನನಗೆ ಹೇಳಬೇಕಾಗಿತ್ತು.

ನಿಜ, ಹೇಳಬೇಕಾಗಿತ್ತು. ಆದರೂ ಸಿಟ್ಟು ಇಳಿಯಿತೆಂದು ತಿಳಿಯಬೇಡಿ. ಅದಕ್ಕೆ ಕೂಡಲು ಜಾಗ ಸಿಗದೆ ಇನ್ನಷ್ಟು ಭುಗಿಲೆದ್ದಿತು. ಇವನು ಕಳ್ಳನಾಗಿದ್ದರೆ ಬೈದು ನಿರಾಳವಾಗುತ್ತಿದ್ದೆ, ಪ್ರಾಮಾಣಿಕನನ್ನು ಹೇಗೆ ಬೈಯಲಿ? ಒಂದು ಎಲೆ ಅನ್ನವನ್ನು ಕಂಡರೆ ಮಾರಾಟವೆಂದೋ ಲಂಚವೆಂದೋ ಎರಡೇ ಅರ್ಥ ಹೊಳೆಯುವಂತೆ ಈ ಊರು, ನಾವು ನೀವೆಲ್ಲ ಸೇರಿ ಕಟ್ಟಿದ ಊರು, ಒಬ್ಬ ಸಭ್ಯ ಮನುಷ್ಯನ ಬುದ್ಧಿಯನ್ನು ತಿದ್ದಿಬಿಟ್ಟಿದೆಯಲ್ಲ, ಬೈಯಬೇಕಾದದ್ದು ಅದಕ್ಕೆ. ಹಿಂಜವಾಡಿಯ ಹೊಸ ಕಟ್ಟಡಗಳಲ್ಲಿ ಎದುರು ಬಾಗಿಲಿನವರ ಹೆಸರು ಗೊತ್ತಿಲ್ಲದೆ ಹತ್ತು ವರ್ಷ ಕಳೆದವರನ್ನು ನಾನು ಬಲ್ಲೆ. ನಾನಾದರೂ ಯಾರು? ಅವತ್ತು ಬಾಗಿಲಲ್ಲಿ ನಾನು ನಿಂತಿದ್ದರೆ ಆ ಹೆಲ್ಮೆಟ್ಟಿನವನಿಗೆ "ನಾಳೆ ಬರ್ರಿ" ಎನ್ನುತ್ತಿದ್ದೆ, ಖಂಡಿತ. ತೆರಿಗೆಯ ಕಾಗದ ಸರಿಯಾಗಿರುತ್ತಿತ್ತು, ಒಬ್ಬ ಮನುಷ್ಯ ಹಸಿದು ಹೋಗುತ್ತಿದ್ದ, ಅವ್ವನಿಗೆ ಅದು ಆಗಿಬರುತ್ತಿರಲಿಲ್ಲ.

ಅಧಿಕಾರಿ ಹೆಚ್ಚು ಮಾತಾಡದೆ ಖಾನಾವಳಿಯ ನೋಂದಣಿಯನ್ನು ರದ್ದುಮಾಡಲು ಬರೆದರು. "ಹಳೆಯ ಫೋಟೋನೂ ತೆಗೆದುಹಾಕ್ತೀವಿ, ಹೊಸದು ಬರುತ್ತದೆ" ಎಂದು ಮರಾಠಿಯಲ್ಲಿ ಹೇಳುತ್ತ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಝೆರಾಕ್ಸಿನಲ್ಲಿ ಕಪ್ಪಗೆ ಕಂಡಿದ್ದ ಫೋಟೋವನ್ನು ಮೊದಲ ಸಲ ಬಣ್ಣದಲ್ಲಿ ನೋಡಿದೆ. ನಮ್ಮ ಬಾಗಿಲು. ಅದರ ಮುಂದೆ ಮೆಟ್ಟಿಲವರೆಗೂ ಚೆಲ್ಲಾಪಿಲ್ಲಿಯಾಗಿ ಬಿದ್ದ ಮಂದಿಯ ಚಪ್ಪಲಿ. ಎಡಗಡೆಯ ಗೋಡೆಗೆ ತಾಗಿ, ಯಾರೂ ತುಳಿಯದೆ, ಯಾರೂ ಸರಿಸದೆ, ಒಂದು ಎತ್ತರ, ಒಂದು ತಗ್ಗು, ನೀಲಿ ಪಟ್ಟಿ.

ಅವ್ವನ ಫೋಟೋಗಳು ಮನೆಯಲ್ಲಿ ಬೇಕಾದಷ್ಟಿವೆ, ಮದುವೆ ಮುಂಜಿವೆಗಳಲ್ಲಿ ತೆಗೆದವು. ಅವಳ ಚಪ್ಪಲಿಯ ಫೋಟೋ ಯಾರು ತೆಗೆಯುತ್ತಾರೆ? ಎದ್ದು ನೇರವಾಗಿ ಹಳೆಯ ಕಿಟಕಿಗೆ ಹೋಗಿ ಆ ರದ್ದಾದ ವರದಿಯ ಬಣ್ಣದ ಪ್ರತಿ ಬೇಕೆಂದು ಅರ್ಜಿ ಬರೆದೆ. ತಪ್ಪು ಅಳಿಸಬೇಕೆಂದು ಕಚೇರಿ ನಡುಗಿಸಿದವನು ಈಗ ಅದೇ ತಪ್ಪನ್ನು ಕೈಗೆ ಕೊಡಿ ಎನ್ನುತ್ತಿದ್ದಾನಲ್ಲ ಎಂದು ಮ್ಯಾಡಮ್ ಈ ಸಲ ತಲೆ ಎತ್ತಿ ನೋಡಿದರು. "ನೋಂದ ರದ್ದ ಝಾಲೀ ನಾ, ಆತಾ ಕಶಾಲಾ?" ರದ್ದಾಯಿತಲ್ಲ, ಈಗ ಯಾಕೆ? ಕಾರಣ ಎಂಬ ಕಡೆ 'ಆಈಚ್ಯಾ ಚಪಲಾ', ತಾಯಿಯ ಚಪ್ಪಲಿ, ಎಂದು ಬರೆದು ಒಳಗೆ ಸರಿಸಿದೆ. ಅವರು ಓದಿದರು, ಏನೂ ಕೇಳದೆ ಸಿಕ್ಕಾ ಒತ್ತಿದರು.

ಆ ಕಾಗದ ಈಗ ನಮ್ಮ ಬಾಗಿಲ ಒಳಗೆ, ಚಪ್ಪಲಿಯ ಖಾಲಿ ಜಾಗದ ಸರಿಯಾಗಿ ಹಿಂದಿನ ಗೋಡೆಗಿದೆ. ಬಂದವರು ಇದೇನ್ರಿ ಎಂದು ಕೇಳುತ್ತಾರೆ. ಉಂಡ ಮೇಲೆ ಹೇಳುತ್ತೇನೆ. ಒಂದು ದಿನ ಕೂತು ಫೋಟೋದಲ್ಲಿನ ಚಪ್ಪಲಿಗಳನ್ನು ಬೆರಳಿಟ್ಟು ಎಣಿಸಿದೆ. ಅವ್ವನವು ಸೇರಿದರೆ ಬರೋಬ್ಬರಿ ನಲವತ್ತು ಜೋಡಿ. ಅವತ್ತು ಒಳಗೆ ನಾವೆಲ್ಲರೂ ಅವ್ವ ಇನ್ನಿಲ್ಲವೆಂದು ಎಲೆಯ ಮುಂದೆ ಕೂತಿದ್ದೆವು. ಹೊರಗೆ ಬಾಗಿಲಲ್ಲಿ ನಿಂತು, ಅವಳೂ ಮನೆಯೊಳಗೇ ಇದ್ದಾಳೆಂದು ಎಣಿಸಿ ಬರೆದುಕೊಂಡವನು ಅವನೊಬ್ಬನೇ.