ನಿಂಗಕ್ಕನ ಕೈಯೊಳಗೆ ಕುರಿ ಕಾಯೋರು

ನಮ್ಮ ಭರಮಸಾಗರದ ನಿಂಗಕ್ಕನಿಗೆ ಟೀ ಎರಡು ಲೋಟ ಬೇಕು: "ಒಂದು ನಂಗೆ, ಒಂದು ಕೈಯೊಳಗೆ ಕುರಿ ಕಾಯೋರಿಗೆ." ಉಣ್ಣೆ ಕತ್ತರಿಸುವಾಗ ತುಂಡಾದ ಕೈನರಕ್ಕೆ ಡಾಕ್ಟ್ರು ಅವಳ ಕಾಲಿನ ನರ ತಂದು ಕಸಿ ಮಾಡಿದ್ದಾರೆ. ಕಸಿಯೊಳಗಿನ ಜೊತೆಗಾರ ಜೀವಕೋಶಗಳು ಕಸ ಬಳಿದು, ದಾರಿ ತೋರಿಸಿ, ಹೊಸ ನರವನ್ನು ಮೆಲ್ಲಗೆ ಬೆರಳತನಕ ಕರೆದೊಯ್ಯುತ್ತವಂತೆ. "ಹಂಗಾದ್ರೆ ಕುರಿ ಕಾಯೋರೇ ಬಿಡ್ರಿ" ಅಂದಳು. ಅಂದಿನಿಂದ ಬಸ್ಸಿನಲ್ಲಿ ಪಕ್ಕದವರಿಗೂ "ಸರ್ಕಂಡು ಕುಂತ್ಕಳ್ರಿ, ಕೈಯಾಗೆ ಮಂದೆ ಹೊಂಟೈತೆ" ಅಂತಾಳೆ, ಮಣಿಕಟ್ಟು ತಟ್ಟಿ "ಲೇ, ಎಲ್ಲಿಗೆ ಬಂದ್ರೋ?" ಅಂತ ವಿಚಾರಿಸುತ್ತಾಳೆ. ಎಣ್ಣೆ ಹಚ್ಚುವುದು ಮಾತ್ರ ಮೊದಲು ಕಾಲಿಗೆ. ನರ ಕೊಟ್ಟ ಆ ಪಾದದಂಚಿಗೆ ಮುಟ್ಟಿದ್ದೇ ತಿಳಿಯದು. ನಿನ್ನೆ ಉಣ್ಣೆ ಬಿಡಿಸುವಾಗ, ಇಷ್ಟು ದಿನ ಮರಗಟ್ಟಿದ್ದ ಬೆರಳಿಗೆ ಮುಳ್ಳು ಚುಚ್ಚಿತು. "ಅಯ್ಯೋ!" ಎಂದು ಕುಣಿದಳು. ಕೀಳಲು ಓಡಿಬಂದ ಸೊಸೆಗೆ, "ತಡಿಯೇ, ಇನ್ನೊಂಚೂರು ನೋಯ್ಲಿ" ಅಂದಳು.